ಟಿ.ವಿ. ಬೆನ್ನಿನ ಮೇಲೆ ಚಿಕ್ಕಕ್ಕನ ಸುಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಪ್ಪದಿಂದ ಜಯಪುರದ ಕಡೆ ಹೋಗುವ ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಚಿಕ್ಕಕ್ಕ ಒಂದು ಹಳೇ ದೊಡ್ಡ ಹೊಟ್ಟೆಯ ಟಿ.ವಿ.ಯನ್ನು ಗೋಣಿಯ ಮೇಲೆ ಬೋರಲು ಮಲಗಿಸಿದ್ದಾರೆ. ಹಿಂದಿನ ಮುಚ್ಚಳ ಬಿಚ್ಚಿಯಾಗಿದೆ. ಒಳಗೆ ಗಾಜಿನ ಟ್ಯೂಬಿಗೆ ಅಂಟಿಕೊಂಡು ರಬ್ಬರಿನ ಸಣ್ಣ ಬಟ್ಟಲಿನಂಥದ್ದೊಂದಿದೆ. ಚಿಕ್ಕಕ್ಕ ಸ್ಕ್ರೂಡ್ರೈವರಿಗೆ ವೈರು ಸುತ್ತಿ, ವೈರಿನ ಇನ್ನೊಂದು ತುದಿಯನ್ನು ಟ್ಯೂಬಿನ ಕಬ್ಬಿಣದ ಪಟ್ಟಿಗೆ ಸಿಕ್ಕಿಸುತ್ತಾರೆ. ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಬಲಗೈಯಿಂದ ಮೊನೆಯನ್ನು ಆ ಬಟ್ಟಲಿನ ಅಡಿಗೆ ತೂರಿಸುತ್ತಾರೆ. ಚಟ್ ಎಂದು ಸದ್ದಾಗಿ, ಒಳಗೆ ಉಳಿದಿದ್ದ ಕರೆಂಟು ಇಳಿಯುತ್ತದೆ.

"ಈಗ ಸತ್ತಿತು. ಇನ್ನು ಮುಟ್ಟು ಮಾರಾಯ, ಎಂತ ಆಗೋದಿಲ್ಲ" ಎನ್ನುತ್ತಾರೆ ನನ್ನ ಕಡೆ ತಿರುಗಿ.

ಮುಚ್ಚಳ ಮತ್ತೆ ಮೇಲೆ ಕೂರುತ್ತದೆ. ಸೊಂಟದ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ಹೊರಗೆ ಬರುತ್ತದೆ. ಹೆಬ್ಬೆರಳು ಸುಣ್ಣಕ್ಕೆ, ಆಮೇಲೆ ಟಿ.ವಿ.ಯ ಬೆನ್ನಿಗೆ. ಬಿಳಿ ಗುರುತೊಂದು ಬೀಳುತ್ತದೆ. ಆ ಗುರುತಿನ ನಡುವೆ ಓರೆಯಾಗಿ ಒಂದು ಖಾಲಿ ಗೆರೆ. ಪ್ರಾಯದಲ್ಲಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಹೆಬ್ಬೆರಳನ್ನು ಸೀಳಿದ ಗಾಯ ಅದು. ಗಾಯ ಮಾಗಿದೆ, ಗೆರೆ ಉಳಿದಿದೆ. ಓದುಗರು ಈ ಗೆರೆಯನ್ನು ನೆನಪಿಟ್ಟುಕೊಳ್ಳಬೇಕು.

ಚಿಕ್ಕಕ್ಕ ಬಸರೀಕಟ್ಟೆಯವರು. ಎಸ್ಟೇಟಿನ ಜೀಪಿನಲ್ಲಿ ನಿಂತೇ ಹೋಗಿ ನಿಂತೇ ಬಂದು ಅರ್ಧ ಆಯುಷ್ಯ ಕಳೆದವರು. ಮಂಡಿ ಸೋತ ಮೇಲೆ ಎಸ್ಟೇಟಿನವರು ನಾಳೆಯಿಂದ ಬರುವುದು ಬೇಡ ಎಂದರಂತೆ. ಗಂಡ ಬೂತಪ್ಪನಿಗೆ ಒಂದು ಹಳೇ ಗೂಡ್ಸ್ ಆಟೋ ಇತ್ತು. ಇಬ್ಬರೂ ಗುಜರಿಗೆ ಇಳಿದರು. ಕಬ್ಬಿಣ, ಬಾಟಲಿಯಿಂದ ಶುರುವಾದದ್ದು ನಿಧಾನಕ್ಕೆ ಟಿ.ವಿ., ಮಿಕ್ಸಿ, ಸೆಟ್‌ಟಾಪ್ ಬಾಕ್ಸು, ಮೊಬೈಲಿಗೆ ಬಂತು. ಮುಂಗಾರಿಗೆ ಮುಂಚಿನ ಸಿಡಿಲು ಈ ಕಡೆ ಮನುಷ್ಯರಿಗಿಂತ ಹೆಚ್ಚು ಮಷೀನುಗಳನ್ನೇ ಹುಡುಕಿಕೊಂಡು ಬರುತ್ತದೆ. ಸಿಡಿಲು ಹೊಡೆದ ಮರುದಿನ ಕಡಹಿನಬೈಲಿನಿಂದ ಶೃಂಗೇರಿಯವರೆಗೆ ಚಿಕ್ಕಕ್ಕನಿಗೆ ಫೋನ್ ಬರುತ್ತಲೇ ಇರುತ್ತದೆ.

ಮೊದಲ ವರ್ಷ ಗೊತ್ತಿಲ್ಲದೆ ಟ್ಯೂಬಿಗೆ ಕೈ ಹಾಕಿದ್ದಾರೆ. ಪ್ಲಗ್ ಕಿತ್ತು ವಾರವಾಗಿದ್ದ ಟಿ.ವಿ. ಅದು. ಇವರನ್ನು ಗೋಡೆಗೆ ಎಸೆಯಿತಂತೆ. ಎಡಗೈಯ ಎರಡು ಬೆರಳಿಗೆ ಇವತ್ತಿಗೂ ಬಿಸಿ ತಾಗಿದ್ದು ತಿಳಿಯುವುದಿಲ್ಲ. ಆಮೇಲೆ ಟಿ.ವಿ. ರಿಪೇರಿಯ ಧರ್ಮೇಶ್ ಈ ಸ್ಕ್ರೂಡ್ರೈವರ್ ವಿದ್ಯೆ ಹೇಳಿಕೊಟ್ಟರು. ಸುಣ್ಣ ಮಾತ್ರ ಚಿಕ್ಕಕ್ಕನದೇ. ಯಾವುದನ್ನು ಸಾಯಿಸಿಯಾಗಿದೆ, ಯಾವುದರಲ್ಲಿ ಇನ್ನೂ ಜೀವ ಇದೆ ಎಂದು ಬೂತಪ್ಪನಿಗೆ ತಿಳಿಯಲಿ ಅಂತ. ವೈರನ್ನು ಇವರು ಸುಡುವುದಿಲ್ಲ. ಹಳೇ ಮೆಟ್ಟುಗತ್ತಿಯನ್ನೇ ಕಾಲಡಿ ಒತ್ತಿ ಹಿಡಿದು, ಅಡಿಕೆ ಸಿಪ್ಪೆ ಬಿಡಿಸಿದ ಹಾಗೆ ಸರ್ರನೆ ಎಳೆದು ತಾಮ್ರ ಬಿಡಿಸುತ್ತಾರೆ. ಸುಟ್ಟರೆ ಬೇಗ ಆಗುತ್ತದಲ್ಲ ಎಂದರೆ, "ಹೊಗೆ ಕುಡಿಯೋದಕ್ಕೆ ನಂಗೆಂತ ಹುಚ್ಚಾ?" ಎಂದು ನಗುತ್ತಾರೆ.

ಈ ಕೆಲಸಕ್ಕೆ ಮರ್ಯಾದೆ ಇದೆಯೇ ಎಂದು ಕೇಳಬೇಡಿ. ಶೃಂಗೇರಿಯ ವೇದಾವತಿ ಅಮ್ಮ ಹಳೇ ಫ್ರಿಜ್ಜನ್ನು ಹಿತ್ತಿಲ ಬಾಗಿಲಿನಿಂದ ಹೊರಡಿಸುತ್ತಾರೆ, ಹಳೇ ಮೊಬೈಲನ್ನು ಮಾತ್ರ ಕೊಡುವುದಿಲ್ಲ. ಅದರೊಳಗೆ ಮೊಮ್ಮಗಳ ಫೋಟೋ ಇದೆಯಂತೆ, ಯಾರ ಕೈಗೆ ಹೋಗುತ್ತದೋ ಏನೋ. ಅವರ ಯಜಮಾನರು ದತ್ತಮೂರ್ತಿಯವರಿಗೆ ಇನ್ನೊಂದು ಅನುಮಾನ. ಮೊಬೈಲಿನ ಒಳಗೆ ಬಂಗಾರ ಇರುತ್ತದೆ ಎಂದು ಯೂಟ್ಯೂಬಿನಲ್ಲಿ ನೋಡಿದ್ದಾರೆ. ಜಗುಲಿಯಿಂದಲೇ ಕೇಳುತ್ತಾರೆ: "ಎಷ್ಟು ಪವನು ಮಾಡಿದೆಯೇ ಇಷ್ಟರಲ್ಲಿ?"

"ಕುತ್ತಿಗೆ ನೋಡಿ ಹೇಳಿ ಅಯ್ಯಾ" ಎನ್ನುತ್ತಾರೆ ಚಿಕ್ಕಕ್ಕ. ಅಲ್ಲಿರುವುದು ಕರಿಮಣಿಯ ಒಂದು ಎಳೆ.

ಬಂಗಾರ ಇರುವುದು ನಿಜ. ಎಲ್ಲಿ, ಯಾರ ಕೈಗೆ ಹೋಗುತ್ತದೆ ಎನ್ನುವುದೇ ಪ್ರಶ್ನೆ. ಸರ್ಕಾರದ ಇ-ತ್ಯಾಜ್ಯ ನಿಯಮ ಓದುವುದಕ್ಕೆ ಚೆನ್ನಾಗಿದೆ. ಟಿ.ವಿ., ಫೋನು ಮಾಡಿ ಮಾರುವ ಕಂಪನಿ ಹಳೇ ಸಾಮಾನಿನ ಜವಾಬ್ದಾರಿಯನ್ನೂ ಹೊರಬೇಕು. ಇಂತಿಷ್ಟು ತೂಕದ ಹಳೇ ಸಾಮಾನು ಸರಿಯಾಗಿ ಮರುಬಳಕೆ ಆಯಿತು ಎಂದು ನೋಂದಾಯಿತ ಘಟಕದಿಂದ ಪ್ರಮಾಣಪತ್ರ ಕೊಳ್ಳಬೇಕು. ಅಂದರೆ ಮರುಬಳಕೆಯ ಶುಲ್ಕ ಕಟ್ಟಬೇಕು. ಆ ಶುಲ್ಕ ಕೊನೆಗೆ ಯಾರ ಜೇಬಿನಿಂದ ಹೋಗುತ್ತದೆ? ಹೊಸ ಟಿ.ವಿ. ಕೊಳ್ಳುವ ನಿಮ್ಮ ನಮ್ಮ ಜೇಬಿನಿಂದಲೇ. ಬಿಲ್ಲಿನಲ್ಲಿ ಕಾಣುವುದಿಲ್ಲ, ಅಷ್ಟೇ. ಯಾರ ಜೇಬಿಗೆ ಹೋಗುತ್ತದೆ? ತೂಕ ತೋರಿಸಿದವರಿಗೆ. ಮನೆಮನೆ ಅಲೆದು, ಶಾಕ್ ಹೊಡೆಸಿಕೊಂಡು, ಟಿ.ವಿ.ಯನ್ನು ಹೆಗಲ ಮೇಲೆ ಹೊತ್ತು ಉಪ್ಪರಿಗೆಯಿಂದ ಇಳಿಸಿದವಳಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ನಿಯಮದ ಪ್ರಕಾರ ಆಕೆ ಇಲ್ಲವೇ ಇಲ್ಲ.

ಇಲ್ಲದವಳಿಗೂ ನೋಟಿಸು ಮಾತ್ರ ಬರುತ್ತದೆ. ನೋಂದಣಿ ಇಲ್ಲದೆ ಇ-ತ್ಯಾಜ್ಯ ಇಟ್ಟುಕೊಂಡಿದ್ದೀರಿ, ಗಡುವಿನೊಳಗೆ ಶೆಡ್ಡು ತೆರವು ಮಾಡಿ ಎಂದು ಈ ಮಳೆಗಾಲಕ್ಕೆ ಮುಂಚೆ ಅಧಿಕಾರಿಗಳು ಬಾಗಿಲಿಗೆ ಅಂಟಿಸಿ ಹೋಗಿದ್ದಾರೆ. ಅದರ ಬೆನ್ನಿಗೇ ಇ-ತ್ಯಾಜ್ಯ ಸಂಗ್ರಹಿಸುವ ಒಂದು ಕಂಪನಿಯ ಹುಡುಗರು ಬಂದರು. ಎಷ್ಟು ಸರಿಯಾದ ಹೊತ್ತಿಗೆ ಬಂದರು ನೋಡಿ. ಮೇಲ್ವಿಚಾರಕನ ಹೆಸರು ಶಿವಕಿರಣ. ಇಸ್ತ್ರಿ ಮಾಡಿದ ಅಂಗಿ, ಮೆದು ಮಾತು. ತಮ್ಮ ಕಂಪನಿಗೇ ಸಾಮಾನು ಕೊಟ್ಟರೆ ಸಂಗ್ರಾಹಕಿ ಎಂಬ ಕಾರ್ಡು ಮಾಡಿಸಿಕೊಡುತ್ತೇವೆ, ಕಾರ್ಡು ಇದ್ದರೆ ಶೆಡ್ಡು ಉಳಿಯುತ್ತದೆ ಎಂದರು. ಕೊಪ್ಪದಲ್ಲಿ ಒಂದು ಬುಧವಾರ ಹಳೇ ಸಾಮಾನು ಸಂಗ್ರಹಿಸುವ ಶಿಬಿರ ನಡೆಯಿತು. ಚಿಕ್ಕಕ್ಕ ಶೆಡ್ಡಿನಲ್ಲಿದ್ದ ದೊಡ್ಡ ಹೊಟ್ಟೆಯ ಟಿ.ವಿ.ಗಳನ್ನೆಲ್ಲ ಕೊಟ್ಟರು. ಅವರ ಕಣ್ಣೆದುರೇ ತೂಗಿದರು, ಲಾರಿಗೆ ಹೇರಿದರು. ಕಾರ್ಡು ಬರಲಿಲ್ಲ. ಮುಂದಿನ ಶಿಬಿರ ನರಸಿಂಹರಾಜಪುರದಲ್ಲಿ, ಶುಕ್ರವಾರ, ಅಲ್ಲಿ ಕೊಡುತ್ತೇವೆ ಎಂದರು.

ಶುಕ್ರವಾರ ಎಂದಾಗಲೇ ಚಿಕ್ಕಕ್ಕ ತಲೆ ಆಡಿಸಿದ್ದರಂತೆ. ಈ ಕಡೆ ಶುಕ್ರವಾರ ಯಾರೂ ಮನೆಯ ಸಾಮಾನು ಹೊರಗೆ ಕೊಡುವುದಿಲ್ಲ. ಲಕ್ಷ್ಮಿ ಹೊರಟುಹೋಗುತ್ತಾಳೆ ಎಂಬ ನಂಬಿಕೆ. ಕೆಟ್ಟ ಟಿ.ವಿ. ಆದರೇನು, ದುಡ್ಡು ಕೊಟ್ಟು ತಂದದ್ದು ತಾನೆ? ಚಿಕ್ಕಕ್ಕನೂ ಆ ದಿನ ಸುತ್ತಾಟಕ್ಕೆ ಹೋಗುವುದಿಲ್ಲ. ದಿನ ಬದಲಿಸಿ ಎಂದು ಶಿವಕಿರಣನಿಗೆ ಹೇಳಿದರೆ, ಶನಿವಾರ ಬೆಳಿಗ್ಗೆ ಮೇಲಿನವರಿಗೆ ವರದಿ ಹೋಗಬೇಕು ಎಂದನಂತೆ.

ಆ ಶುಕ್ರವಾರ ಅವರ ಜೊತೆ ನಾನೂ ನರಸಿಂಹರಾಜಪುರಕ್ಕೆ ಹೋಗಿದ್ದೆ. ಮೈದಾನದಲ್ಲಿ ಶಾಮಿಯಾನ, ಬ್ಯಾನರು, ತೂಕದ ಮಷೀನು, ಫೋಟೋದವನು, ಉಪ್ಪಿಟ್ಟು ಎಲ್ಲ ಇತ್ತು. ಸಾಮಾನು ಇರಲಿಲ್ಲ. ಸೀತೂರಿನಿಂದ ಬಂದ ಒಬ್ಬರು ಮಿಕ್ಸಿ ತಂದಿದ್ದರು, ಅದೂ ರಿಪೇರಿ ಮಾಡಿಕೊಡುತ್ತಾರೆ ಎಂದು ತಿಳಿದು. ಮಧ್ಯಾಹ್ನದವರೆಗೆ ಶಿವಕಿರಣ ಫೋನು ಕಿವಿಯಿಂದ ತೆಗೆಯಲಿಲ್ಲ. ಊಟದ ಹೊತ್ತಿಗೆ ಒಂದು ಲಾರಿ ಬಂತು. ಹುಡುಗರು ದೊಡ್ಡ ಹೊಟ್ಟೆಯ ಟಿ.ವಿ.ಗಳನ್ನು ಇಳಿಸಿ, ಒಂದೊಂದಾಗಿ ತೂಕಕ್ಕೆ ಇಟ್ಟು, ಸಾಲಾಗಿ ಜೋಡಿಸಿದರು. ಮುಖ ಈ ಕಡೆಗೆ, ಬೆನ್ನು ಆ ಕಡೆಗೆ.

ಚಿಕ್ಕಕ್ಕ ಆ ಕಡೆಗೇ ಹೋಗಿ ನಿಂತರು.

ಪ್ರತಿ ಬೆನ್ನಿನ ಮೇಲೂ ಸುಣ್ಣ. ಪ್ರತಿ ಸುಣ್ಣದ ನಡುವೆ ಓರೆ ಗೆರೆ.

ಶಿವಕಿರಣ ಕರೆದ: "ಅಕ್ಕಾ, ಈ ಸಾಲಿನ ಹತ್ರ ಬಂದು ನಿಂತ್ಕೊಳ್ಳಿ. ಒಂದು ಫೋಟೋ. ನಿಮ್ಮ ಕಾರ್ಡಿಗೂ ಇದೇ ಆಗ್ತದೆ."

"ಇವು ಕೊಪ್ಪದಲ್ಲಿ ನಾನು ಕೊಟ್ಟವಲ್ದಾ ಮಾರಾಯ್ರೆ?"

"ಹಳೇ ಟಿ.ವಿ. ಎಲ್ಲ ಒಂದೇ ಥರ ಇರ್ತದೆ ಅಕ್ಕಾ."

"ಟಿ.ವಿ. ಒಂದೇ ಥರ ಇರ್ತದೆ. ನನ್ನ ಹೆಬ್ಬೆರಳು ಬೇರೆ ಯಾರಿಗಿದೆ?"

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. ಆಮೇಲೆ ತಗ್ಗಿದ ದನಿಯಲ್ಲಿ, ಕಾರ್ಡು ಬೇಕೋ ಬೇಡವೋ ಎಂದು ಮಾತ್ರ ಕೇಳಿದ.

ಕಾರ್ಡು ಬೇಕು. ಇಲ್ಲದಿದ್ದರೆ ಶೆಡ್ಡಿಲ್ಲ, ಶೆಡ್ಡಿಲ್ಲದಿದ್ದರೆ ಈ ಮಂಡಿ ಹೊತ್ತುಕೊಂಡು ಮತ್ತೆ ಯಾವ ಎಸ್ಟೇಟಿನ ಜೀಪು ಹತ್ತುವುದು? ಬೂತಪ್ಪ ಆಟೋದ ಹತ್ತಿರದಿಂದ ಕೈಸನ್ನೆ ಮಾಡುತ್ತಿದ್ದರು, ಸುಮ್ಮನೆ ನಿಂತು ಬಾ ಎಂದು. ಚಿಕ್ಕಕ್ಕ ಬಂದು ಸಾಲಿನ ಪಕ್ಕ ನಿಂತರು. ಸೆರಗು ಸರಿ ಮಾಡಿಕೊಂಡರು. ಫೋಟೋದವನು ರೆಡಿ ಎನ್ನುವಾಗ ಬಗ್ಗಿ, ತಮ್ಮ ಪಕ್ಕದ ಟಿ.ವಿ.ಯನ್ನು ಎರಡೂ ಕೈಯಿಂದ ತಬ್ಬಿ, ಮೆಲ್ಲಗೆ ತಿರುಗಿಸಿ ಇಟ್ಟರು. ಬೆನ್ನು ಕ್ಯಾಮೆರಾ ಕಡೆಗೆ. ಅದರ ಮೇಲೆ ಹೆಬ್ಬೆರಳಿಟ್ಟು ನಿಂತರು. ಫೋಟೋದವನಿಗೆ ಸುಣ್ಣದ ಕತೆ ಏನು ಗೊತ್ತು? ಕ್ಲಿಕ್ ಮಾಡಿದ.

ಒಂದು ಶಿಬಿರದ ತೂಕವನ್ನು ಇನ್ನೊಂದು ಶಿಬಿರದ ಲೆಕ್ಕಕ್ಕೆ ಹಾಕಿದಿರಾ ಎಂದು ನಾನು ಶಿವಕಿರಣನನ್ನು ಕೇಳಿದೆ. ಲಾರಿ ಕೆಟ್ಟಿತ್ತು, ಕೊಪ್ಪದ ಲೋಡು ಇನ್ನೂ ಘಟಕಕ್ಕೆ ಹೋಗಿರಲಿಲ್ಲ, ದಾರಿಯಲ್ಲಿ ಇಲ್ಲಿಗೆ ಬಂತು ಎಂದ. ಇರಬಹುದು. ಲಾರಿಗಳು ಕೆಡುತ್ತವೆ. ಆದರೆ ದಾರಿಯಲ್ಲಿ ಬಂದ ಲೋಡು ತೂಕದ ಮಷೀನು ಏಕೆ ಹತ್ತಿತು? ಅದನ್ನು ಮೇಲಿನವರಿಗೆ ಕೇಳಿ ಎಂದು ಒಂದು ನಂಬರು ಕೊಟ್ಟ. ಆ ನಂಬರಿನವರು ಇವತ್ತಿನವರೆಗೂ ಫೋನ್ ಎತ್ತಿಲ್ಲ. ನಾವು ಕಟ್ಟಿದ ಶುಲ್ಕ ಹೋಗುವ ದಾರಿಯಲ್ಲಿ ಇಂಥ ಶುಕ್ರವಾರಗಳು ಇನ್ನೆಷ್ಟಿವೆಯೋ.

ಈಗ ಶೆಡ್ಡಿನ ಬಾಗಿಲಲ್ಲಿ ನೋಟಿಸು ಹಾಗೇ ಇದೆ. ಮಳೆ ಇರಚಲಿಗೆ ಶಾಯಿ ಕರಗಿದೆ, ಗಡುವು ಕರಗಿಲ್ಲ. ಕಾರ್ಡು ಬಂದಿಲ್ಲ. ತಿರುಗಿಸದೇ ನಿಂತಿದ್ದರೆ ಬರುತ್ತಿತ್ತು ಎಂದು ಬೂತಪ್ಪ ದಿನಕ್ಕೊಂದು ಸಲ ಗೊಣಗುತ್ತಾರೆ, ಗೊಣಗಿ ಆಟೋ ಸ್ಟಾರ್ಟ್ ಮಾಡುತ್ತಾರೆ. ನಿಮಗೆ ಏನಾಗಬೇಕು ಎಂದು ಚಿಕ್ಕಕ್ಕನನ್ನು ಕೇಳಿದರೆ ಶೆಡ್ಡಿನ ಮಾತು ಮೊದಲು ಬರುವುದಿಲ್ಲ.

"ನಾನು ಕಳಿಸಿದ್ದು ಹೋಗಬೇಕಾದಲ್ಲಿಗೆ ಹೋಗಬೇಕು ಮಾರಾಯ. ತಿರುಗಿ ನನ್ನ ಕಣ್ಣಿಗೆ ಬೀಳಬಾರದು. ಆ ಗಾಜಲ್ಲಿ ವಿಷ ಇದೆ ಅಂತಾರೆ. ಸತ್ತದ್ದನ್ನು ಊರೂರು ಮೆರವಣಿಗೆ ಮಾಡೋದೆಂತಕ್ಕೆ?"

ಇಷ್ಟು ಹೇಳಿ, ಬೆಳಿಗ್ಗೆ ಸಾಯಿಸಿದ ಟಿ.ವಿ.ಯನ್ನು ಎತ್ತಿ ನಿಲ್ಲಿಸುತ್ತಾರೆ. ಬೆನ್ನಿನ ಸುಣ್ಣ ಆಗಲೇ ಒಣಗಿದೆ. ಡಬ್ಬಿ ಮತ್ತೆ ಬಿಚ್ಚುತ್ತಾರೆ. ಈ ಸಲ ಹೆಬ್ಬೆರಳು ಹೋಗುವುದು ಮುಂಭಾಗದ ಗಾಜಿಗೆ, ನಟ್ಟನಡುವೆ. ಒತ್ತಿ ಹಿಡಿದು ತೆಗೆಯುತ್ತಾರೆ. ಕಪ್ಪು ಗಾಜಿನ ಮೇಲೆ ಬಿಳಿ ಗುರುತು, ನಡುವೆ ಓರೆ ಗೆರೆ.

ಮುಂದೆ ಯಾಕೆ ಎಂದು ಕೇಳಿದೆ.

"ಇನ್ನು ಎಲ್ಲದಕ್ಕೂ ಮುಂದೇ ಹಚ್ಚೋದು" ಎಂದರು, ಬೆರಳನ್ನು ಗೋಣಿಗೆ ಒರೆಸಿಕೊಳ್ಳುತ್ತ. "ಫೋಟೋ ತೆಗೆಯೋವಾಗ ಪ್ರತಿ ಸಲ ತಿರುಗಿಸೋದಕ್ಕೆ ನನ್ನ ಸೊಂಟ ಕೇಳೋದಿಲ್ಲ."