ಯಾರು ಎಲ್ಲಿದ್ದರು

ದೇಶದಲ್ಲಿ ಏನೇ ದೊಡ್ಡ ಸುದ್ದಿಯಾಗಲಿ, ಮರಳೂರಿನ ಪುಟ್ಟತಾಯಮ್ಮನವರ ಬಾಯಿಗೆ ಮೊದಲು ಬರುವುದು ಒಂದೇ ಮಾತು: “ನಮ್ಮೋರೆಲ್ಲ ಎಲ್ಲೆಲ್ಲವ್ರೆ?” ಉತ್ತರ ಒಮ್ಮೆ ಕಿವಿಗೆ ಬಿತ್ತೆಂದರೆ ಮುಗಿಯಿತು, ಜನ್ಮಕ್ಕೂ ಮರೆಯುವವರಲ್ಲ. ಟೀವಿಯಲ್ಲಿ ಹಳೆಯ ಸುದ್ದಿ ಬಂದರೆ ಸೊಸೆ ಶೃತಿ ಸೌಂಡು ಕಮ್ಮಿ ಮಾಡಿ, ಬೆರಗಿನಿಂದ ಅತ್ತೆಯ ಬಾಯನ್ನೇ ನೋಡುತ್ತ ಕೂರುತ್ತಾಳೆ. “ಪ್ರಧಾನಿಗೆ ಗುಂಡು ಹೊಡೆದ್ರು ಅಂದಾಗ ನಿಮ್ಮಾವ ಚೇಳೂರಲ್ಲಿ ಹಲ್ಲು ಕೀಳಿಸ್ಕೊಂಡು ಬಾಯ್ತುಂಬ ಹತ್ತಿ ಇಟ್ಕೊಂಡಿದ್ರು. ಪಾಪ, ಅಯ್ಯೋ ಅನ್ನಕ್ಕೂ ಆಗ್ಲಿಲ್ಲ. ಲಾಕ್‌ಡೌನ್ ಅಂದಾಗ ನಿನ್ ಗಂಡ ಕುಣಿಗಲ್‌ನಲ್ಲಿ ಹೆಣ್ಣು ನೋಡಕ್ಕೋಗಿ ಉಪ್ಪಿಟ್ಟು ತಿಂತಿದ್ದ. ನಿನ್ನಲ್ಲ ಬುಡು, ಬೇರೆ ಹುಡುಗಿ.” ನಗು ತಡೆಯಲಾರದೆ ಶೃತಿ ಒಮ್ಮೆ ಕೇಳಿದಳು, “ಆಗೆಲ್ಲ ನೀವೆಲ್ಲಿದ್ರಿ ಅತ್ತೆ?” “ನಾನೆಲ್ಲಿರ್ತೀನಿ? ಒಲೆ ಮುಂದೆ.” ಪುಟ್ಟತಾಯಮ್ಮ ಕಿಟಕಿಯಾಚೆ ನೋಡಿದರು. “ಚಂದ್ರನ ಮೇಲೆ ನಮ್ಮ ಚಂದ್ರಯಾನ ಇಳೀತಲ್ಲ, ಆ ಸಾಯಂಕಾಲ ಮಾತ್ರ ತಾರಸಿ ಹತ್ತಿದ್ದೆ. ಅರ್ಧ ಚಂದ್ರ ಇದ್ದ. ಅಷ್ಟು ದೂರದಲ್ಲಿ ನಮ್ದೊಂದು ಸಾಮಾನು ಐತಲ್ಲಾ ಅಂತ ನೋಡ್ತಾ ನಿಂತ್ಬುಟ್ಟೆ. ಕೆಳಗೆ ಸಾರು ಸೀದೋಯ್ತು. ಅವತ್ತು ನೀವೆಲ್ಲ ಎಲ್ಲಿದ್ರೋ, ನಂಗೊತ್ತಿಲ್ಲ ಕಣವ್ವ.”