ಮೊಣಕಾಲಿನ ಮೇಲೆ ಬಂದ ಕೆಂಪು ಚೌಕ

ಯಂತ್ರದೊಳಗೆ ತಂತಿ, ಕರೆಂಟು ಬಿಟ್ಟರೆ ಇನ್ನೇನೂ ಇಲ್ಲ ಎಂದು ನಂಬಿದ್ದವನು ನಾನು. ಇಂಥ ಅನುಭವ ಹೇಳುವವರನ್ನು ಕಂಡು ನಕ್ಕಿದ್ದೇನೆ. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ.

ಎರಡು ವರ್ಷದ ಹಿಂದೆ ಅರಸೀಕೆರೆಯ ಒಂದು ಖಾಸಗಿ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದೆ. ಚಿತ್ರ ನೋಡಿ ಕಾಯಿಲೆ ಗುರುತಿಸುವ ಎಐ ತಂತ್ರಾಂಶವನ್ನು ಹೊಸದಾಗಿ ಹಾಕಿಸಿದ್ದರು. ಎದೆಯ ಚಿತ್ರದಲ್ಲಿ ಅನುಮಾನ ಬಂದ ಕಡೆ ಅದು ಕೆಂಪು ಚೌಕ ಎಳೆಯುತ್ತಿತ್ತು.

ಒಂದು ಮಧ್ಯಾಹ್ನ ಗಾರ್ಮೆಂಟ್ಸ್ ಕಾರ್ಖಾನೆಯೊಂದು ತನ್ನ ಹೆಂಗಸರನ್ನು ತಪಾಸಣೆಗೆ ಕಳಿಸಿತ್ತು. ಬಾಣಾವರದ ಮಂಜುಳಾ ಕೆಮ್ಮುತ್ತಲೇ ಬಂದು ನಿಂತಳು. ಅವಳ ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಚೌಕ ಬಂತು. ನಮ್ಮ ಸೆಂಟರಿನ ಮಾಲೀಕರಿಗೆ ತೋರಿಸಿದೆ.

"ಎಲ್ಲರ್ದೂ ನಾರ್ಮಲ್ ಅಂತ ಇವತ್ತೇ ಕೊಡ್ತೀನಿ ಅಂತ ಫ್ಯಾಕ್ಟರಿಯವ್ರಿಗೆ ಒಪ್ಕೊಂಡಿದೀನಿ ಕಣ್ರೀ. ಅಳಿಸಿ ಅದನ್ನ," ಎಂದರು, ಬಾಯಲ್ಲಿದ್ದ ಎಲೆಯಡಿಕೆ ಜಗಿಯುತ್ತಲೇ.

ಅಳಿಸಿದೆ. ವರದಿ ಬರೆಯಬೇಕಾದ ಡಾಕ್ಟರು ಊರಲ್ಲೇ ಇರಲಿಲ್ಲ. ಅವರ ಸೀಲು ಒತ್ತಿ ಅವಳ ಕೈಗೆ ಕೊಟ್ಟವನೂ ನಾನೇ.

ಮುಂದಿನದು, ಬೈಕಿನಿಂದ ಬಿದ್ದಿದ್ದ ಮೇಷ್ಟರೊಬ್ಬರ ಮೊಣಕಾಲು. ತೆರೆಯಲ್ಲಿ ಮೂಳೆ ಮೂಡಿತು. ಅದರ ಮೇಲೆ ಅದೇ ಕೆಂಪು ಚೌಕ, ಅದೇ ಅಳತೆಯದು.

"ಇದೇನ್ರೀ ಕೆಂಪಗೆ? ಮುರಿದೈತಾ?" ಎಂದರು ಮೇಷ್ಟರು.

ಕಂಪ್ಯೂಟರ್ ಆರಿಸಿ ಹಚ್ಚಿದೆ. ಚೌಕ ಹೋಗಲಿಲ್ಲ. ಆಮೇಲೆ ತೆಗೆದ ಒಂದು ಕೈ, ಒಂದು ಸೊಂಟದ ಮೇಲೂ ಬಂತು. ತಂತ್ರಾಂಶದ ಎಂಜಿನಿಯರಿಗೆ ಫೋನ್ ಮಾಡಿದರೆ, "ಚಾನ್ಸೇ ಇಲ್ಲ ಸಾರ್. ಎದೆ ಬಿಟ್ಟು ಬೇರೆ ಚಿತ್ರ ಅದು ತಗೊಳ್ಳೋದೇ ಇಲ್ಲ," ಎಂದ.

ಫೋನ್ ಇಟ್ಟು ರಿಜಿಸ್ಟರಿನಲ್ಲಿ ಮಂಜುಳಾಳ ವಿಳಾಸ ಹುಡುಕಿದೆ. ಸಂಜೆಯೇ ಬಾಣಾವರದ ಬಸ್ಸು ಹತ್ತಿದೆ.

ಮನೆಯಲ್ಲಿ ಮಂಜುಳಾ ತನ್ನ ತಟ್ಟೆಯಿಂದಲೇ ಪುಟ್ಟ ಮಗಳಿಗೆ ತುತ್ತು ಕೊಡುತ್ತಿದ್ದಳು. ವರದಿ ತಪ್ಪು, ನಾಳೆಯೇ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ ಎಂದೆ.

"ನಾರ್ಮಲ್ ಅಂತ ಬರ್ದೈತಲ್ಲ ಸಾರ್? ನೀವೇ ಅಲ್ವಾ ಕೊಟ್ಟಿದ್ದು?"

ನಾನೇ ಅಳಿಸಿದೆ ಎಂದು ಹೇಳಿದೆ. ಅವಳು ಮಗುವನ್ನು ತಟ್ಟೆಯಿಂದ ದೂರ ಸರಿಸಿದಳು. ನನ್ನ ಮುಖ ನೋಡಲಿಲ್ಲ.

ಕ್ಷಯವೆಂದು ಗೊತ್ತಾಯಿತು. ಮಗುವಿಗೂ ತಗುಲಿತ್ತು. ತಿಂಗಳುಗಟ್ಟಲೆ ಔಷಧಿ ತೆಗೆದುಕೊಂಡು ಇಬ್ಬರೂ ಗುಣವಾದರು. ಸುದ್ದಿ ತಿಳಿದ ಮಾಲೀಕರು, ತಮ್ಮ ಎಐ ಕ್ಷಯ ಪತ್ತೆಹಚ್ಚಿತೆಂದು ತಮ್ಮದೇ ಫೋಟೋ ಹಾಕಿಸಿ ಫ್ಲೆಕ್ಸ್ ಕಟ್ಟಿಸಿದರು. ಅವತ್ತೇ ಕೆಲಸ ಬಿಟ್ಟೆ.

ಬಿಡುವ ಮುನ್ನ ಆ ಮಧ್ಯಾಹ್ನದ ಚಿತ್ರಗಳನ್ನೆಲ್ಲ ತೆರೆದು ನೋಡಿದೆ. ಯಾವುದರ ಮೇಲೂ ಚೌಕವಿರಲಿಲ್ಲ. ಮೇಷ್ಟರು ಮಾತ್ರ ಈಗಲೂ ತಾವು ಕಂಡಿದ್ದು ಹೌದೆನ್ನುತ್ತಾರೆ. ಅದೇನೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಅದು ಬಾರದೇ ಹೋಗಿದ್ದರೆ ನಾನು ಆ ದಿನ ಎಂದಿನಂತೆ ಮನೆಗೆ ಹೋಗಿ, ಉಂಡು, ನೆಮ್ಮದಿಯಾಗಿ ಮಲಗಿರುತ್ತಿದ್ದೆ. ಅದು ಮಾತ್ರ ಚೆನ್ನಾಗಿ ತಿಳಿದಿದೆ.