ರಾಶಿಯ ಮೇಲಿನ ಬೂದಿ ಗುರುತು

ನನ್ನ ಮೊಮ್ಮಗಳು ಬರೆದ ಚಿತ್ರವನ್ನು ಇವತ್ತು ಒಬ್ಬರು ಕೊಂಡುಕೊಂಡರು. ಯಾವುದೋ ದೇಶದವರಂತೆ. ಹೊಳೆನರಸೀಪುರ ಯಾವ ದಿಕ್ಕಿಗಿದೆ ಎಂದೂ ಅವರಿಗೆ ಗೊತ್ತಿರಲಾರದು. ಡೈರಿಗೆ ಹಾಲು ಹಾಕಲು ಹೋದಾಗ ಅಲ್ಲಿದ್ದವರಿಗೆಲ್ಲ ಹೇಳಿದೆ. ಬರುವಾಗ ಬಸ್ಸಿಗೆ ಕಾಯುತ್ತಿದ್ದ, ಮುಖಪರಿಚಯವೂ ಇಲ್ಲದ ಹೆಂಗಸಿಗೂ ಹೇಳಿದೆ.

ಅವಳು ಚಿತ್ರ ಬರೆಯುವುದು ಸ್ಲೇಟಿನಷ್ಟಗಲದ ಟ್ಯಾಬಿನ ಮೇಲೆ. ಕಾಗದವಿಲ್ಲ, ಬಣ್ಣದ ಡಬ್ಬಿಯಿಲ್ಲ. ಬರೆದದ್ದನ್ನು ಇಂಟರ್ನೆಟ್ಟಿನಲ್ಲಿ ಎನ್‌ಎಫ್‌ಟಿ ಅಂತ ಮಾರಾಟಕ್ಕಿಡುತ್ತಾಳೆ. ಇದಕ್ಕೆ ಮುಂಚೆ ಇಟ್ಟವು ಯಾವುವೂ ಮಾರಾಟವಾಗಿರಲಿಲ್ಲ. “ಇದೂ ಓಗ್ಲಿಲ್ಲ ಅಂದ್ರೆ ಚಿತ್ರ ಬುಟ್ಟು ಬ್ಯಾರೆ ಕೆಲ್ಸ ನೋಡ್ಕತೀನಿ ತಾತ” ಎಂದಿದ್ದಳು. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತ್ತು.

ಈ ಸಲ ಅವಳು ಬರೆದದ್ದು ನಮ್ಮ ಕಣ, ನಡುವೆ ಭತ್ತದ ರಾಶಿ. ತೋರಿಸಿದಾಗ ಒಂದೇ ಕೊರತೆ ಹೇಳಿದೆ. “ರಾಶಿಗೆ ಬೂದಿ ಎಲ್ಲವ್ವಾ? ಗುರ್ತಿಲ್ದಿದ್ರೆ ಅದು ಯಾರ್ ರಾಶಿ ಅಂತೀಯ?” ನಮ್ಮ ಕಾಲದಲ್ಲಿ ತೂರಿದ ಭತ್ತವನ್ನು ಕಣದಲ್ಲೇ ಬಿಟ್ಟು ಬರುವಾಗ ರಾಶಿಯ ಮೇಲೆ ಬೂದಿಯಲ್ಲಿ ಮನೆಯ ಗುರುತು ಹಾಕುತ್ತಿದ್ದೆವು. ನಮ್ಮದು ಮೂರು ಗೆರೆ, ಮೇಲೊಂದು ಸೊನ್ನೆ. ಯಾರು ಕೈ ಹಾಕಿದರೂ ಗೆರೆ ಮುರಿಯುತ್ತಿತ್ತು. ಅವಳು ಅದನ್ನೂ ಬರೆದಳು.

ಚಿತ್ರವನ್ನು ನನ್ನ ಫೋನಿಗೂ ಕಳಿಸಿದಳು. ನಾನು ಸುಮ್ಮನಿರಬೇಕಲ್ಲ, ನೆಂಟರಿಷ್ಟರಿಗೆಲ್ಲ ವಾಟ್ಸಾಪ್ ಮಾಡಿದೆ. ಅರಕಲಗೂಡಿನಲ್ಲಿ ಶುಂಠಿ ವ್ಯಾಪಾರ ಮಾಡುವ ನನ್ನ ಭಾಮೈದ ಅದನ್ನು ಫ್ಲೆಕ್ಸ್ ಮಾಡಿಸಿ ಅಂಗಡಿ ಮುಂದೆ ಕಟ್ಟಿಯೇಬಿಟ್ಟ. ಫ್ಲೆಕ್ಸಿನ ಫೋಟೊ ನೋಡಿ ನನ್ನ ಹೆಂಡತಿ, “ಬಿಟ್ಟಿ ಸಿಕ್ಕೋದ್ನ ಇನ್ಯಾರು ಕೊಂಡ್ಕತಾರೆ? ಮಗೀನ ಕೆಲ್ಸುಕ್ಕೆ ಕಲ್ಲಾಕ್ಬುಟ್ರಲ್ಲ” ಎಂದಳು.

ಎರಡು ದಿನ ಮೊಮ್ಮಗಳ ಮುಖ ನೋಡಲಾಗಲಿಲ್ಲ. ಮೂರನೆಯ ದಿನ ಹೇಳಿಕೊಂಡೆ. ಅವಳು ನಕ್ಕಳು.

“ಎಲ್ರೂ ನೋಡ್ಲಿ ಬುಡು ತಾತ. ನಿನ್ ರಾಶಿನ ಊರೋರೆಲ್ಲ ನೋಡ್ತಿದ್ರಲ್ವಾ? ಬೂದಿ ನೋಡಿ ನಿಂದು ಅಂತ ತಿಳ್ಕತಿದ್ರು. ಎನ್‌ಎಫ್‌ಟಿ ಅಂದ್ರೂ ಅಂಗೇಯ. ಚಿತ್ರ ಬರ್ದೋರು ಯಾರು, ಈಗ ಅದು ಯಾರ್ದು ಅಂತ ಇಂಟರ್ನೆಟ್ಟಲ್ಲಿ ಎಲ್ರಿಗೂ ಕಾಣಂಗೆ ಗುರ್ತಿರ್ತದೆ. ಕೊಳ್ಳೋರು ಆ ಗುರ್ತ ಕೊಂಡ್ಕತಾರೆ.”

“ಬೂದಿಯಂಗೆ ಗಾಳಿಗೆ ಆರೋಗಲ್ವಾ?”

“ಆರಲ್ಲ ತಾತ.”

ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೆ ಅಷ್ಟು ಅರ್ಥವಾಯಿತು. ಆದರೂ ಕೊಳ್ಳುವವರು ಬರಬೇಕಲ್ಲ. ದಿನಾ ಬೆಳಿಗ್ಗೆ ಎದ್ದವನೇ ಅವಳ ಮುಖ ನೋಡುತ್ತಿದ್ದೆ. ಇವತ್ತು ಅವಳೇ ಕೊಟ್ಟಿಗೆಗೆ ಓಡಿಬಂದು “ಓಯ್ತು ತಾತ” ಎಂದಳು. ರಾಶಿಯ ಮೇಲಿನ ಆ ಬಿಳಿ ಗೆರೆಗಳು ಏನೆಂದು ಕೊಂಡವರು ಕೇಳಿದ್ದರಂತೆ. ಮೊಮ್ಮಗಳು ಬೇರೆ ಕೆಲಸದ ಮಾತು ಮತ್ತೆ ಎತ್ತಲಿಲ್ಲ. ಮಧ್ಯಾಹ್ನಕ್ಕೆಲ್ಲ ಹೊಸ ಚಿತ್ರಕ್ಕೆ ಕೂತಿದ್ದಳು.

ಸಂಜೆ ಭಾಮೈದ ಫ್ಲೆಕ್ಸ್ ಸುತ್ತಿಕೊಂಡು ಬಂದ. “ಮಾರಿದ್ ಮ್ಯಾಲೆ ಕಟ್ಟಂಗಿಲ್ವೇನೋ ಅಂತ ಬಿಚ್ಕಂಡ್ ಬಂದೆ ಭಾವ. ಊಟಕ್ಕೆ ಆಸ್ಕಳವ” ಎಂದು ನಡುಮನೆಯಲ್ಲಿ ಬಿಡಿಸತೊಡಗಿದ.

“ರಾಶಿ ಮ್ಯಾಲೆ ಕುಂತ್ಕಂಡ್ ಉಣ್ತೀಯೇನ್ಲಾ?” ಎಂದೆ.

ಮಗ ಮೊಳೆ ಹೊಡೆದು ಅದನ್ನು ಗೋಡೆಗೆ ಕಟ್ಟಿದ. ಅದರ ಮುಂದೆ ಎಲ್ಲರೂ ಸಾಲಾಗಿ ಕೂತೆವು. ಸೊಸೆ ಬಿಸಿ ಮುದ್ದೆ, ಅವರೆಕಾಳು ಸಾರು ಬಡಿಸಿ ತಾನೂ ಕೂತಳು. ಮೊಮ್ಮಗಳ ತಟ್ಟೆಗೆ ಅವಳು ಸಾಕು ಅನ್ನುವವರೆಗೂ ತುಪ್ಪ ಬಿಟ್ಟ ನನ್ನ ಹೆಂಡತಿ, ಮಿಳ್ಳೆಯನ್ನು ನನ್ನ ಕಡೆಗೆ ಬಗ್ಗಿಸಿ, “ಬೂದಿ ಏಳ್ಕೊಟ್ಟೋರ್ಗೂ ಒಂದೀಟು” ಎಂದಳು.